ಸೇತುವೆ ಬಂತು, ಲಾರಿ ಯಾಕೆ ಇನ್ನೂ ನಿಂತಿದೆ?

ಹೋದ ತಿಂಗಳ ಅಂಕಣದಲ್ಲಿ ದೇಶ ದೇಶಗಳ ನಡುವಿನ ಸೇತುವೆ, ರೈಲು, ವಿದ್ಯುತ್ ಲೈನುಗಳಿಗೆ ಹೊರಗಿನಿಂದ ಬರುವ ನೆರವಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನನ್ನ 30 ವರ್ಷದ ನೌಕರಿ ಸೇತುವೆ ಸೈಟುಗಳಲ್ಲೇ ಕಳೆದಿದೆ. ಅದರಲ್ಲಿ ಎರಡು ಕೆಲಸ ಗಡಿ ನದಿಗಳ ಮೇಲಿನವು. ಹಾಗಾಗಿ ಈ ವಿಷಯ ಎತ್ತಿದರೆ ನನಗೆ ಸುಮ್ನೆ ಇರೋಕಾಗಲ್ಲ. ಈ ತಿಂಗಳ ಪುಟವನ್ನೆಲ್ಲ ನಿಮ್ಮ ಆ ಪತ್ರಗಳಿಗೇ ಇಟ್ಟಿದ್ದೇನೆ.

ಪ್ರಶ್ನೆ: ಸರ್, ‘ಇಂತಿಷ್ಟು ಕೋಟಿ ಡಾಲರ್ ವಿದೇಶಿ ನೆರವು’ ಅಂತ ಸುದ್ದಿ ಓದುತ್ತೇವೆ. ಅದು ಹಾಗೇ ಕೊಟ್ಟುಬಿಡುವ ದುಡ್ಡಾ, ಇಲ್ಲ ಸಾಲವಾ? — ಅರ್ಥಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ

ಉತ್ತರ: ಎರಡೂ ಹೌದು. ಅದಕ್ಕೇ ಗೊಂದಲ. ವಾಪಸ್ ಕೇಳದೆ ಕೊಡುವುದು ಅನುದಾನ. ಥಾಯ್ಲೆಂಡ್ ಮತ್ತು ಲಾವೋಸ್ ನಡುವೆ ಮೆಕಾಂಗ್ ನದಿಗೆ ಕಟ್ಟಿದ ಮೊದಲ ಸ್ನೇಹ ಸೇತುವೆ ಆಸ್ಟ್ರೇಲಿಯಾ ಕೊಟ್ಟ ದುಡ್ಡಿನದು. ಸುಮಾರು 4.2 ಕೋಟಿ ಆಸ್ಟ್ರೇಲಿಯನ್ ಡಾಲರ್. ಲಾವೋಸ್ ಅದನ್ನು ತೀರಿಸಬೇಕಿರಲಿಲ್ಲ. ಇನ್ನೊಂದು ಬಗೆ, ಕಡಿಮೆ ಬಡ್ಡಿಯ ನಿಧಾನದ ಸಾಲ. ವಿಶ್ವಬ್ಯಾಂಕ್ ಬಡ ದೇಶಗಳಿಗಾಗಿಯೇ 1960ರಲ್ಲಿ ತೆರೆದ ಐಡಿಎ (ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ) ಇಂಥ ಸಾಲ ಕೊಡುತ್ತದೆ. ಮೊದಲ ಕೆಲವು ವರ್ಷ ಅಸಲು ಕಟ್ಟಬೇಕಿಲ್ಲ. ಆಮೇಲೆ ಕಂತುಗಳು ಶುರುವಾಗಿ ಒಟ್ಟು ಅವಧಿ 30, 40 ವರ್ಷದವರೆಗೂ ಎಳೆಯುತ್ತದೆ. ಎರಡನ್ನೂ ಬೆರೆಸಿ ಕೊಡುವುದೂ ಇದೆ. ಭೂತಾನಿನ ಚುಖಾ ಜಲವಿದ್ಯುತ್ ಯೋಜನೆಗೆ ಭಾರತ ಕೊಟ್ಟಿದ್ದು ಹಾಗೆ: 60 ಭಾಗ ಅನುದಾನ, 40 ಭಾಗ ಸಾಲ.

ನಿಮಗೆ ಪರೀಕ್ಷೆಗೆ ಇಷ್ಟು ಸಾಕು. ಆದರೆ ಸುದ್ದಿ ಓದುವಾಗ ಇನ್ನೊಂದು ಸಾಲು ಹುಡುಕಿ: ಗುತ್ತಿಗೆ ಯಾರಿಗೆ ಹೋಯಿತು? ಕೆಲವು ನೆರವು ‘ನಮ್ಮ ದೇಶದ ಕಂಪನಿಯಿಂದಲೇ ಮಾಲು ಕೊಳ್ಳಬೇಕು’ ಅನ್ನುವ ಷರತ್ತಿನ ಜೊತೆ ಬರುತ್ತದೆ. ಆಗ ದುಡ್ಡಿನ ದೊಡ್ಡ ಪಾಲು ಕೊಟ್ಟವರ ಮನೆಗೇ ಮರಳುತ್ತದೆ. ಕಾಗದದ ಮೇಲೆ ಮಾತ್ರ ಅಷ್ಟೂ ನೆರವು. ಸೈಟಿನಲ್ಲಿ ಇದು ಬೇರೆ ರೀತಿ ಕಾಡುತ್ತದೆ. ಆ ಯಂತ್ರದ ಬಿಡಿಭಾಗ ಹತ್ತಿರದಲ್ಲೆಲ್ಲೂ ಸಿಗುವುದಿಲ್ಲ. ಒಂದು ಸಣ್ಣ ಸೀಲ್ ಹೋದರೂ ಕಾಂಕ್ರೀಟ್ ಪಂಪು ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ.

ಪ್ರಶ್ನೆ: ನಮ್ಮದು ಸರಕು ಸಾಗಣೆ ವ್ಯವಹಾರ. ಸೇತುವೆ ಕಟ್ಟಿದ ಮೇಲೂ ಗಡಿಯಲ್ಲಿ ಲಾರಿಗಳ ಸಾಲು ಕರಗಲ್ಲ ಅಂತ ಬರೆದಿದ್ದಿರಿ. ನೀರು ದಾಟಿದ ಮೇಲೆ ಇನ್ನೇನು ಅಡ್ಡ?

ಉತ್ತರ: ಕಾಗದ ಅಡ್ಡ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಮೊದಲು ನಾನು ಕಣ್ಣಾರೆ ಕಂಡದ್ದು ಹೇಳಿಬಿಡುತ್ತೇನೆ. ಒಂದು ಗಡಿ ಸೇತುವೆ ಕೆಲಸ. ಕಂಬಗಳೆಲ್ಲ ಎದ್ದಿದ್ದವು. ಗರ್ಡರ್, ಅಂದರೆ ಕಂಬದಿಂದ ಕಂಬಕ್ಕೆ ಹಾಸುವ ತೊಲೆ, ಕೂರಿಸಬೇಕು, ಅದಕ್ಕೆ ಕೆಳಗೆ ಇಡುವ ಬೇರಿಂಗುಗಳು ಬರಬೇಕು. ಬೇರಿಂಗ್ ಹೊತ್ತ ಲಾರಿ ಆಚೆ ದಡಕ್ಕೆ ಬಂದು ನಿಂತಿತು. ನಮ್ಮ ಕಂಬದ ಮೇಲೆ ಹತ್ತಿದರೆ ಅದರ ನೀಲಿ ಟಾರ್ಪಾಲು ಕಾಣುತ್ತಿತ್ತು. ಒಂಬತ್ತು ದಿನ ಅದು ಅಲ್ಲೇ ನಿಂತಿತು. ಕಾರಣ ಏನು ಗೊತ್ತಾ? ಇನ್‌ವಾಯ್ಸಿನಲ್ಲಿ ಬರೆದ ತೂಕಕ್ಕೂ ಪ್ಯಾಕಿಂಗ್ ಪಟ್ಟಿಯ ತೂಕಕ್ಕೂ ತಾಳೆ ಆಗಲಿಲ್ಲ. ಒಂದರಲ್ಲಿ ಮರದ ಪೆಟ್ಟಿಗೆ ಸೇರಿಸಿ ತೂಕ ಬರೆದಿದ್ದರು, ಇನ್ನೊಂದರಲ್ಲಿ ಪೆಟ್ಟಿಗೆ ಬಿಟ್ಟು. ನೆರವಿನ ಯೋಜನೆಯ ಮಾಲಿಗೆ ಸುಂಕ ಇರಲಿಲ್ಲ. ಆದರೆ ‘ಸುಂಕ ಇಲ್ಲ’ ಅನ್ನುವ ಪತ್ರ ರಾಜಧಾನಿಯಿಂದ ಬರಬೇಕಿತ್ತು, ಅದರಲ್ಲೂ ತೂಕ ಸರಿ ಇರಬೇಕಿತ್ತು. ಚಾಲಕ ಲಾರಿ ಕೆಳಗೇ ಚಾಪೆ ಹಾಸಿ ಮಲಗುತ್ತಿದ್ದ. ತೊಳೆದ ಅಂಗಿಯನ್ನು ಪಕ್ಕದ ಕನ್ನಡಿಗೆ ಕಟ್ಟಿ ಒಣಗಿಸುತ್ತಿದ್ದ. ಕೋಟಿಗಟ್ಟಲೆ ಸುರಿದು ನದಿ ದಾಟಲು ದಾರಿ ಮಾಡುತ್ತಿದ್ದ ನಮಗೆ, ಕಣ್ಣಿಗೆ ಕಾಣುವ ಲಾರಿಯನ್ನು ಈಚೆ ತರಲು ಆಗಲಿಲ್ಲ. ಆ ಒಂಬತ್ತು ದಿನ ನನಗೆ ಕಲಿಸಿದ್ದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.

ಈಗ ಒಂದು ದೊಡ್ಡ ಉದಾಹರಣೆ. ಆಫ್ರಿಕಾದಲ್ಲಿ ಜಾಂಬಿಯಾ ಮತ್ತು ಜಿಂಬಾಬ್ವೆ ನಡುವೆ ಜಾಂಬೆಜಿ ನದಿ ಹರಿಯುತ್ತದೆ. ಅಲ್ಲಿ ಚಿರುಂಡು ಅನ್ನುವ ಗಡಿ. 1939ರ ಹಳೆಯ ತೂಗುಸೇತುವೆ ಇತ್ತು. ಅದರ ಪಕ್ಕದಲ್ಲಿ ಜಪಾನಿನ ಅನುದಾನದಿಂದ 2002ರಲ್ಲಿ ಹೊಸ ಸೇತುವೆ ಬಂತು. ಗಟ್ಟಿಮುಟ್ಟಾದ ಸೇತುವೆ. ಆದರೂ ಲಾರಿಗಳು ದಿನಗಟ್ಟಲೆ ಕಾಯುವುದು ತಪ್ಪಲಿಲ್ಲ. ಯಾಕೆಂದರೆ ಪ್ರತಿ ಲಾರಿಯೂ ಎರಡು ಸಲ ನಿಲ್ಲಬೇಕಿತ್ತು. ಈ ದಡದಲ್ಲಿ ಹೊರಗೆ ಹೋಗುವ ಕಾಗದ, ಆ ದಡದಲ್ಲಿ ಒಳಗೆ ಬರುವ ಕಾಗದ. ಅದೇ ಪೆಟ್ಟಿಗೆ ಎರಡು ಸಲ ಬಿಚ್ಚಬೇಕು, ಅದೇ ಪ್ರಶ್ನೆಗೆ ಎರಡು ಸಲ ಉತ್ತರ ಹೇಳಬೇಕು.

2009ರ ಡಿಸೆಂಬರಿನಲ್ಲಿ ಅಲ್ಲಿ ‘ವನ್ ಸ್ಟಾಪ್ ಬಾರ್ಡರ್ ಪೋಸ್ಟ್’ ಶುರುವಾಯಿತು. ಅಂದರೆ ಒಂದೇ ಕಡೆ ನಿಲ್ಲುವ ಗಡಿ ಠಾಣೆ. ಆಫ್ರಿಕಾದಲ್ಲಿ ಇಂಥದ್ದು ಅದೇ ಮೊದಲು. ಉತ್ತರಕ್ಕೆ ಹೋಗುವ ಲಾರಿ ಜಾಂಬಿಯಾ ಕಡೆ ಮಾತ್ರ ನಿಲ್ಲುತ್ತದೆ. ದಕ್ಷಿಣಕ್ಕೆ ಬರುವ ಲಾರಿ ಜಿಂಬಾಬ್ವೆ ಕಡೆ ಮಾತ್ರ. ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಅಕ್ಕಪಕ್ಕ ಕೂರುತ್ತಾರೆ. ಕೇಳೋಕೆ ಎಷ್ಟು ಸುಲಭ, ಅಲ್ವಾ? ಆದರೆ ಒಂದು ದೇಶದ ಕಸ್ಟಮ್ಸ್ ಅಧಿಕಾರಿ ಇನ್ನೊಂದು ದೇಶದ ನೆಲದ ಮೇಲೆ ಕೂತು ತನ್ನ ದೇಶದ ಕಾನೂನು ಜಾರಿ ಮಾಡಬೇಕು. ಅದಕ್ಕೆ ಎರಡೂ ಸಂಸತ್ತು ಬೇರೆ ಕಾನೂನೇ ಮಾಡಬೇಕಾಯಿತು. ಆಮೇಲೆ ದಿನಗಳ ಕಾಯುವಿಕೆ ಗಂಟೆಗಳಿಗೆ ಇಳಿಯಿತು.

2002ಕ್ಕೂ 2009ಕ್ಕೂ ನಡುವಿನ ಏಳು ವರ್ಷ ನೋಡಿ. ಸೇತುವೆ ಇತ್ತು, ದಾರಿ ಇರಲಿಲ್ಲ. ನೆರವು ಕೊಡುವವರಿಗೆ ಸೇತುವೆಯ ಮೇಲೆ ಆಸೆ ಜಾಸ್ತಿ. ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಬಹುದು, ಫೋಟೊ ಚೆನ್ನಾಗಿ ಬರುತ್ತದೆ. ಇಬ್ಬರು ಗುಮಾಸ್ತರನ್ನು ಒಂದೇ ಮೇಜಿಗೆ ತರುವ ಕೆಲಸಕ್ಕೆ ಫೋಟೊ ಇಲ್ಲ. ನನ್ನನ್ನು ಕೇಳಿದರೆ ಆ ಕೆಲಸಕ್ಕೆ ಕೊಡುವ ದುಡ್ಡೇ ಹೆಚ್ಚು ಬೆಲೆಬಾಳುವ ನೆರವು. ಸೇತುವೆ ಕಟ್ಟಿ ಹೊಟ್ಟೆ ಹೊರೆದವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಪ್ರಶ್ನೆ: ಇದು ಸೇತುವೆ, ಲಾರಿಗೆ ಮಾತ್ರವಾ? ವಿದ್ಯುತ್ತಿಗೆ ಕಸ್ಟಮ್ಸ್ ಇಲ್ವಲ್ಲ. — ವಿದ್ಯುತ್ ಇಲಾಖೆಯಿಂದ ನಿವೃತ್ತರು

ಉತ್ತರ: ಕಸ್ಟಮ್ಸ್ ಇಲ್ಲ, ಲೆಕ್ಕ ಇದೆ. ಮಧ್ಯ ಅಮೆರಿಕದಲ್ಲಿ ಗ್ವಾಟೆಮಾಲಾದಿಂದ ಪನಾಮದವರೆಗೆ ಆರು ದೇಶಗಳನ್ನು ಹಾಯುವ ಸುಮಾರು 1,800 ಕಿಲೋಮೀಟರ್ ಲೈನು ಇದೆ. ಸಿಯೆಪಾಕ್ ಅಂತ ಹೆಸರು, 230 ಕಿಲೋವೋಲ್ಟ್. ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲಿನ ಅಭಿವೃದ್ಧಿ ಬ್ಯಾಂಕ್ ಕೊಟ್ಟ ಸಾಲ. ಆದರೆ ತಂತಿ ಎಳೆದರೆ ಸಾಲದು. ಯಾರ ವಿದ್ಯುತ್ತು ಯಾರಿಗೆ ಹೋಯಿತು, ದರ ಎಷ್ಟು, ಜಗಳವಾದರೆ ತೀರ್ಪು ಯಾರದು? ಅದಕ್ಕಾಗಿ ಆರೂ ದೇಶ ಸೇರಿ ಒಂದು ನಿಯಂತ್ರಣ ಆಯೋಗ, ಒಂದು ನಿರ್ವಹಣಾ ಸಂಸ್ಥೆ ಮಾಡಿಕೊಂಡವು. ಲೈನಿನ ಟವರ್ ಎಷ್ಟು ಮುಖ್ಯವೋ ಆ ಎರಡು ಕಚೇರಿಗಳೂ ಅಷ್ಟೇ ಮುಖ್ಯ.

ಪ್ರಶ್ನೆ: ಆಫ್ರಿಕಾದಲ್ಲಿ ಒಂದು ಸೇತುವೆಯನ್ನು ಬೇಕಂತಲೇ ಬಾಗಿಸಿ ಕಟ್ಟಿದ್ದಾರೆ ಅಂತ ನಮ್ಮ ಮಗ ಹೇಳಿದ. ನೇರ ಕಟ್ಟಿದರೆ ಖರ್ಚು ಕಮ್ಮಿ ಅಲ್ವಾ? — ಒಬ್ಬ ಗೃಹಿಣಿ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ ತಾಯಿ. ಅದು ಕಜುಂಗುಲಾ ಸೇತುವೆ. ಬೋಟ್ಸ್‌ವಾನಾ ಮತ್ತು ಜಾಂಬಿಯಾ ನಡುವೆ, ಅದೇ ಜಾಂಬೆಜಿ ನದಿಯ ಮೇಲೆ. ಉದ್ದ 923 ಮೀಟರ್. ಆ ಎರಡು ದೇಶಗಳು ಒಂದನ್ನೊಂದು ಮುಟ್ಟುವ ಗಡಿ ಬರೀ 150 ಮೀಟರಿನಷ್ಟು. ಅದರ ಎರಡೂ ಬದಿಗೆ ನಮೀಬಿಯಾ ಮತ್ತು ಜಿಂಬಾಬ್ವೆ. ನೇರ ಗೆರೆ ಎಳೆದರೆ ಸೇತುವೆ ಜಿಂಬಾಬ್ವೆಗೆ ಕಾಲಿಡುತ್ತಿತ್ತು. ಅದಕ್ಕೇ ನದಿಯ ಮೇಲೆ ಬಿಲ್ಲಿನ ಹಾಗೆ ಬಾಗಿದೆ. ಹೌದು, ಬಾಗಿದ ಸೇತುವೆಗೆ ಲೆಕ್ಕಾಚಾರ ಕಷ್ಟ, ಖರ್ಚೂ ಹೆಚ್ಚು.

ಅದು ಬರುವ ಮುಂಚೆ ಅಲ್ಲಿ ಪಾಂಟೂನ್ ದೋಣಿ ಇತ್ತು. ಲಾರಿಗಳನ್ನು ಅದರ ಮೇಲೆ ಹತ್ತಿಸಿ ದಾಟಿಸಬೇಕು. ಒಂದು ಸಲಕ್ಕೆ ಒಂದೆರಡು ಲಾರಿ ಮಾತ್ರ. ತಾಮ್ರ ಹೊತ್ತ ಲಾರಿಗಳು ದಡದಲ್ಲಿ ದಿನಗಟ್ಟಲೆ ನಿಲ್ಲುತ್ತಿದ್ದವು. 2003ರಲ್ಲಿ ಮಿತಿಮೀರಿ ಭಾರ ಹೊತ್ತ ಲಾರಿಯೊಂದರಿಂದ ದೋಣಿ ಮಗುಚಿ 18 ಜನ ತೀರಿಕೊಂಡರು. ಸೇತುವೆ ಬೇಕೇ ಬೇಕು ಅನ್ನುವ ಕೂಗು ಆಮೇಲೆ ಇನ್ನೂ ಗಟ್ಟಿಯಾಯಿತು. ಆಫ್ರಿಕಾ ಅಭಿವೃದ್ಧಿ ಬ್ಯಾಂಕ್ ಮತ್ತು ಜಪಾನಿನ ಸಾಲ, ಎರಡೂ ಸರ್ಕಾರಗಳ ಪಾಲು, ಎಲ್ಲ ಸೇರಿ ಸುಮಾರು 25.9 ಕೋಟಿ ಡಾಲರಿನಲ್ಲಿ ಕಟ್ಟಿ 2021ರ ಮೇ 10ರಂದು ತೆರೆದರು. ಚಿರುಂಡುವಿನ ಪಾಠ ಇಲ್ಲಿ ನೆನಪಿತ್ತು. ಒಂದೇ ನಿಲುಗಡೆಯ ಗಡಿ ಠಾಣೆಯನ್ನೂ ಸೇತುವೆಯ ಜೊತೆಗೇ ಕಟ್ಟಿದರು. ನಡುವೆ ರೈಲು ಹಳಿಗೂ ಜಾಗ ಬಿಟ್ಟಿದ್ದಾರೆ. ಆ ಬಾಗನ್ನು ಚಿತ್ರದಲ್ಲಿ ನೋಡಿದಾಗಲೆಲ್ಲ ನನಗೆ ಅದನ್ನು ವಿನ್ಯಾಸ ಮಾಡಿದವರ ಬಗ್ಗೆ ಗೌರವ ಉಕ್ಕುತ್ತದೆ. ನೆರೆಯವರ ಒಪ್ಪಿಗೆ ಇಲ್ಲ ಅಂತ ಕೆಲಸ ಬಿಟ್ಟು ಕೂರಲಿಲ್ಲ ಅವರು.

ಪ್ರಶ್ನೆ: ನಾವು ಕಟ್ಟಿದ ತೆರಿಗೆಯನ್ನು ಪಕ್ಕದ ದೇಶದ ರಸ್ತೆಗೆ, ಕರೆಂಟಿಗೆ ಯಾಕೆ ಕೊಡಬೇಕು? ನಮ್ಮಲ್ಲೇ ಮಾಡುವ ಕೆಲಸ ಬೇಕಾದಷ್ಟಿದೆ. — ಸಿಟ್ಟಿನಿಂದಲೇ ಬರೆದ ಒಬ್ಬ ಓದುಗರು

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕೊಡುವ ಪ್ರತಿ ದೇಶದಲ್ಲೂ ಈ ಪ್ರಶ್ನೆ ಏಳುತ್ತದೆ, ಏಳಲೇಬೇಕು.

ಚುಖಾ ಹೆಸರು ಮೇಲೆ ಬಂತಲ್ಲ, ಅದನ್ನೇ ತಗೊಳ್ಳಿ. 336 ಮೆಗಾವ್ಯಾಟ್ ಯೋಜನೆ, 1986ರಿಂದ 88ರ ನಡುವೆ ಶುರುವಾಯಿತು. ದುಡ್ಡು ಭಾರತದ್ದು, ನದಿ ಭೂತಾನಿನದು. ಅಲ್ಲಿ ಬಳಸಿ ಉಳಿದ ವಿದ್ಯುತ್ತನ್ನು ಭಾರತವೇ ಕೊಳ್ಳುತ್ತದೆ. ಭೂತಾನಿಗೆ ಕಾಯಂ ಆದಾಯ ಬಂತು, ಭಾರತಕ್ಕೆ ಹೊಗೆಯಿಲ್ಲದ ವಿದ್ಯುತ್ತು ಬಂತು. ಇನ್ನೊಂದು, ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖಗಂಜಿಗೆ 69 ಕಿಲೋಮೀಟರ್ ತೈಲ ಕೊಳವೆ. 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಆ ಡೀಸೆಲ್ ಅಷ್ಟೂ ಟ್ಯಾಂಕರುಗಳಲ್ಲಿ ಹೋಗುತ್ತಿತ್ತು. ಕೊಂಡುಕೊಳ್ಳುವವರು ನೇಪಾಳದವರು, ಮಾರುವವರು ಭಾರತದವರು. ಇದರಲ್ಲಿ ಯಾರು ಯಾರಿಗೆ ನೆರವಾದರು ಅಂತ ಬೇರೆ ಮಾಡಿ ಹೇಳುವುದು ಕಷ್ಟ.

ಹಿಂದಕ್ಕೆ ಹೋದರೆ ಮಾರ್ಷಲ್ ಯೋಜನೆ ಇದೆ. ಎರಡನೇ ಮಹಾಯುದ್ಧದಲ್ಲಿ ಯುರೋಪು ನೆಲಕಚ್ಚಿತ್ತು. 1948ರಿಂದ 1952ರವರೆಗೆ ಅಮೆರಿಕ ಪಶ್ಚಿಮ ಯುರೋಪಿನ ದೇಶಗಳಿಗೆ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ದುಡ್ಡಿನ ಮಾತು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸುವುದು ಅದರ ಷರತ್ತು. ‘ನೀವು ಒಬ್ಬೊಬ್ಬರೇ ಬಂದು ಕೇಳಬೇಡಿ, ಎಲ್ಲರೂ ಕೂತು ಒಂದು ಪಟ್ಟಿ ಮಾಡಿ ತನ್ನಿ’ ಅನ್ನುವುದು ಅದರ ತಿರುಳು. ಎರಡೇ ವರ್ಷದ ಹಿಂದೆ ಯುದ್ಧ ಮುಗಿಸಿದ್ದ ಖಂಡದ 16 ದೇಶಗಳು ಪ್ಯಾರಿಸ್ಸಿನಲ್ಲಿ ಒಂದೇ ಮೇಜಿಗೆ ಕೂತವು. 1950ರಲ್ಲಿ ಪರಸ್ಪರ ವ್ಯಾಪಾರದ ಬಾಕಿ ಚುಕ್ತಾ ಮಾಡಿಕೊಳ್ಳಲು ಒಂದು ಕೂಟವನ್ನೂ ಮಾಡಿಕೊಂಡವು. ಪ್ರತಿ ದೇಶವೂ ಇನ್ನೊಂದರ ಜೊತೆ ಬೇರೆ ಬೇರೆ ಲೆಕ್ಕ ಇಡುವುದು ತಪ್ಪಿತು. ಎಲ್ಲರದ್ದೂ ಒಟ್ಟಿಗೆ ಕೂಡಿ ಕಳೆದು, ಕೊನೆಗೆ ಉಳಿದದ್ದನ್ನು ಮಾತ್ರ ಕಟ್ಟಿದರೆ ಸಾಕಾಯಿತು. ಅಮೆರಿಕಕ್ಕೆ ಏನು ಸಿಕ್ಕಿತು? ಮಾಲು ಕೊಳ್ಳುವ ಶಕ್ತಿ ಇರುವ ಗಿರಾಕಿ ಸಿಕ್ಕಿದ. ರಾಜಕೀಯ ಬೆಂಬಲವೂ ಸಿಕ್ಕಿತು, ಅದನ್ನು ಮುಚ್ಚಿಡಬೇಕಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ ನಾನು ಒಪ್ಪುತ್ತೇನೆ. ಕೊಟ್ಟ ದುಡ್ಡಿನ ಲೆಕ್ಕ ಕೊಡುವವರ ಜನರಿಗೂ ಸಿಗಬೇಕು. ಅದನ್ನು ಬಿಡದೆ ಕೇಳಿ.

ಪ್ರಶ್ನೆ: ಇಂಥ ಸಾಲದಿಂದ ಸಣ್ಣ ದೇಶಗಳು ಮುಳುಗುತ್ತವೆ ಅಂತಾರೆ. ಹಂಬನ್‌ಟೋಟ ಬಂದರು ಅದಕ್ಕೇ ಹೋಯಿತಲ್ಲ?

ಉತ್ತರ: ಶ್ರೀಲಂಕಾದ ಹಂಬನ್‌ಟೋಟ ಬಂದರನ್ನು ಚೀನಾದ ಸಾಲದಲ್ಲಿ ಕಟ್ಟಿದರು. 2017ರಲ್ಲಿ ಅದನ್ನು ಚೀನಾದ ಕಂಪನಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟರು, 112 ಕೋಟಿ ಡಾಲರಿಗೆ. ‘ಸಾಲ ತೀರದ್ದಕ್ಕೆ ಬಂದರು ಕಿತ್ತುಕೊಂಡರು’ ಅಂತ ಜನ ಹೇಳುವುದು ಪೂರ್ತಿ ಸರಿಯಲ್ಲ. ಆ ದುಡ್ಡಿಗೆ ಬಂದರಿನ ಸಾಲ ವಜಾ ಆಗಲಿಲ್ಲ. ದೇಶದ ಡಾಲರ್ ಸಂಗ್ರಹ ತುಂಬಿಸಿಕೊಳ್ಳಲು ಅದು ಹೋಯಿತು. ಶ್ರೀಲಂಕಾದ ಒಟ್ಟು ವಿದೇಶಿ ಸಾಲದಲ್ಲಿ ದೊಡ್ಡ ಭಾಗ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳದ್ದು. ನನ್ನ ತಕರಾರು ಬೇರೆ. ಹಡಗು ಎಷ್ಟು ಬರುತ್ತವೆ, ಬಂದವು ಯಾಕೆ ಅಲ್ಲೇ ನಿಲ್ಲಬೇಕು, ಅಲ್ಲಿಂದ ಮಾಲು ಎಲ್ಲಿಗೆ ಹೋಗಬೇಕು ಅನ್ನುವ ಲೆಕ್ಕ ಗಟ್ಟಿಯಾಗುವ ಮುಂಚೆ ಕಾಂಕ್ರೀಟ್ ಹಾಕಿಬಿಟ್ಟರು. ಸಾಲ ಕೊಟ್ಟವರೂ ಅದನ್ನು ಕೇಳಬೇಕಿತ್ತು, ತಗೊಂಡವರೂ ಕೇಳಬೇಕಿತ್ತು.

ಪ್ರಶ್ನೆ: ನೆರವು ಕೊಟ್ಟವರು ಕಟ್ಟಿ ಹೊರಟುಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? — ರೈಲ್ವೆಯಲ್ಲಿ ಟ್ರ್ಯಾಕ್‌ಮನ್ ಆಗಿದ್ದವರು

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಹಳಿ ಕಾದವರು ಕೇಳುವ ಪ್ರಶ್ನೆಯೇ ಇದು.

ತಜಾರಾ ರೈಲು ಮಾರ್ಗದ ಕಥೆ ಕೇಳಿ. ಜಾಂಬಿಯಾಕ್ಕೆ ಸಮುದ್ರ ಇಲ್ಲ. ಅದರ ತಾಮ್ರ ಹೊರಗೆ ಹೋಗಬೇಕಾದರೆ ದಕ್ಷಿಣದಲ್ಲಿ ಬಿಳಿಯರ ಆಳ್ವಿಕೆಯ ರೊಡೇಷಿಯಾ (ಈಗಿನ ಜಿಂಬಾಬ್ವೆ) ದಾಟಬೇಕಿತ್ತು. ಜಾಂಬಿಯಾದ ಅಧ್ಯಕ್ಷ ಕೌಂಡಾ, ಟಾಂಜಾನಿಯಾದ ಅಧ್ಯಕ್ಷ ನೈರೇರೆ ಇಬ್ಬರೂ ಬೇರೆ ದಾರಿ ಬೇಕು ಅಂದರು. ವಿಶ್ವಬ್ಯಾಂಕ್, ಪಶ್ಚಿಮದ ದೇಶಗಳು ‘ಲಾಭ ಬರಲ್ಲ’ ಅಂತ ಕೈ ಚೆಲ್ಲಿದವು. ಆಗ, ತಾನೂ ಬಡ ದೇಶವಾಗಿದ್ದ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟಿತು, ತನ್ನ ಕೆಲಸಗಾರರನ್ನೂ ಕಳಿಸಿತು. 1970ರಲ್ಲಿ ಶುರುವಾಗಿ 1975ಕ್ಕೆ ದಾರ್ ಎಸ್ ಸಲಾಮ್‌ನಿಂದ ಕಪಿರಿ ಎಂಪೋಶಿವರೆಗೆ 1,860 ಕಿಲೋಮೀಟರ್ ಹಳಿ ಸಿದ್ಧ. ಕಾಡು, ಕಣಿವೆ, ಬೆಟ್ಟ ಎಲ್ಲ ದಾಟಿ ಐದೇ ವರ್ಷದಲ್ಲಿ! ಎಂಜಿನಿಯರ್ ಆಗಿ ನಾನು ಅದಕ್ಕೆ ಕೈಮುಗಿಯುತ್ತೇನೆ.

ಆದರೆ ಒಂದು ತೊಡಕು. ಜಾಂಬಿಯಾದ ಹಳಿಗೆ ಹೊಂದಲಿ ಅಂತ ಅದರ ಎರಡು ಕಂಬಿಗಳ ನಡುವೆ 1,067 ಮಿಲಿಮೀಟರ್ ಅಂತರ ಇಟ್ಟರು. ಟಾಂಜಾನಿಯಾದ ಹಳೆಯ ಹಳಿ 1,000 ಮಿಲಿಮೀಟರ್. ವ್ಯತ್ಯಾಸ 67 ಮಿಲಿಮೀಟರ್. ನಿಮ್ಮ ಅಂಗೈ ಎತ್ತಿ ನಾಲ್ಕು ಬೆರಳು ಜೋಡಿಸಿ ನೋಡಿ, ಅಷ್ಟೂ ಇಲ್ಲ. ಅಷ್ಟಕ್ಕಾಗಿ ಒಂದೇ ದೇಶದೊಳಗೆ ಒಂದು ಹಳಿಯ ಬಂಡಿ ಇನ್ನೊಂದಕ್ಕೆ ಹೋಗುವಂತಿಲ್ಲ. ಕಿಡಾಟು ಅನ್ನುವಲ್ಲಿ ಎರಡೂ ಸೇರುತ್ತವೆ. ಅಲ್ಲಿ ಮಾಲು ಇಳಿಸಿ ಏರಿಸಬೇಕು. ಇದೇ ಕಥೆ ಈಗ ಲಾವೋಸಿನಲ್ಲೂ ಇದೆ. 2021ರ ಡಿಸೆಂಬರಿನಲ್ಲಿ ಶುರುವಾದ ಚೀನಾ ಕಡೆಯ ರೈಲು 1,435 ಮಿಲಿಮೀಟರ್, ಥಾಯ್ಲೆಂಡ್ ಕಡೆಯಿಂದ ಬರುವುದು 1,000. ಲಾವೋಸಿನ ರಾಜಧಾನಿ ವಿಯೆಂಟಿಯಾನ್ ಹತ್ತಿರ ಕ್ರೇನಿನಿಂದ ಕಂಟೇನರ್ ಎತ್ತಿ ಈ ರೈಲಿನಿಂದ ಆ ರೈಲಿಗೆ ಇಡುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ತಜಾರಾದ ಮಾಲೀಕರು ಎರಡು ಸರ್ಕಾರಗಳು, ಸಮ ಪಾಲು. ಖರ್ಚು ಬಂದಾಗ ಎರಡೂ ಒಟ್ಟಿಗೆ ಜೇಬಿಗೆ ಕೈ ಹಾಕಬೇಕು. ದಕ್ಷಿಣದ ದಾರಿಗಳು ತೆರೆದ ಮೇಲೆ ಮಾಲೂ ಕಮ್ಮಿಯಾಯಿತು. ಎಂಜಿನ್ ಕೆಟ್ಟು ನಿಂತವು, ಮಾರ್ಗ ಸೊರಗಿತು. ಅದನ್ನು ಮತ್ತೆ ಎಬ್ಬಿಸಲು 2024ರಲ್ಲಿ ಚೀನಾ ಸೇರಿ ಮೂರೂ ದೇಶ ಒಡಂಬಡಿಕೆಗೆ ಸಹಿ ಹಾಕಿವೆ. ಹಳಿ ಹಾಕುವಾಗಲೇ ‘ಮುಂದಿನ 20 ವರ್ಷ ಜಲ್ಲಿ ಬಡಿಯುವವರ ಸಂಬಳ ಯಾರದು’ ಅಂತ ಬರೆದಿಡಬೇಕು ಅನ್ನುವುದು ನನ್ನ ಮಾತು. ನಿಮ್ಮದೂ ಅದೇ ಅಂತ ಕಾಣುತ್ತದೆ.

ಪ್ರಶ್ನೆ: ಹೊರಗಿನವರ ದುಡ್ಡಿಲ್ಲದೆ ದೊಡ್ಡ ಸೇತುವೆ ಆಗೋದೇ ಇಲ್ವಾ?

ಉತ್ತರ: ಆಗುತ್ತದೆ. ಬಾಂಗ್ಲಾದೇಶದ ಪದ್ಮಾ ಸೇತುವೆಗೆ ಕೊಡಬೇಕಿದ್ದ 120 ಕೋಟಿ ಡಾಲರ್ ಸಾಲವನ್ನು ವಿಶ್ವಬ್ಯಾಂಕ್ 2012ರಲ್ಲಿ ರದ್ದು ಮಾಡಿತು. ಅವರು ಸ್ವಂತ ದುಡ್ಡಿನಲ್ಲೇ ಕಟ್ಟಿದರು. 6.15 ಕಿಲೋಮೀಟರ್, 2022ರ ಜೂನ್ 25ರಂದು ತೆರೆಯಿತು.

ಪ್ರಶ್ನೆ: ತಾತ, ಒಂದು ದೇಶದಲ್ಲಿ ಎಡಗಡೆ, ಇನ್ನೊಂದು ದೇಶದಲ್ಲಿ ಬಲಗಡೆ ಗಾಡಿ ಓಡಿಸಿದರೆ ಸೇತುವೆ ಮೇಲೆ ಡಿಕ್ಕಿ ಆಗಲ್ವಾ? — ಆರನೇ ತರಗತಿ ಹುಡುಗ

ಉತ್ತರ: ಪುಟ್ಟಾ, ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿನ್ನದು.

ಮೊದಲ ಪ್ರಶ್ನೆಯಲ್ಲಿ ಒಂದು ಸೇತುವೆ ಬಂತಲ್ಲ, ಥಾಯ್ಲೆಂಡ್ ಮತ್ತು ಲಾವೋಸ್ ನಡುವಿನದು, ಅಲ್ಲಿ ನೀನು ಕೇಳಿದ ಹಾಗೇ ಇದೆ. ಥಾಯ್ಲೆಂಡಿನಲ್ಲಿ ನಮ್ಮ ಹಾಗೆ ಎಡಗಡೆ, ಲಾವೋಸಿನಲ್ಲಿ ಬಲಗಡೆ. ಸೇತುವೆ 1,170 ಮೀಟರ್ ಉದ್ದ. ಅದರ ಮೇಲೆ ಪೂರ್ತಿ ಎಡಗಡೆಯೇ ಹೋಗಬೇಕು. ಲಾವೋಸ್ ತುದಿಗೆ ಬಂದಾಗ ಟ್ರಾಫಿಕ್ ಸಿಗ್ನಲ್ ಇದೆ. ಕೆಂಪು ಬಿದ್ದರೆ ಒಂದು ಕಡೆಯವರು ನಿಲ್ಲುತ್ತಾರೆ, ಇನ್ನೊಂದು ಕಡೆಯವರು ಎದುರು ಬದಿಗೆ ಹೊರಳಿ ಹೋಗುತ್ತಾರೆ. ಎರಡು ಬಳ್ಳಿ ಒಂದನ್ನೊಂದು ದಾಟುವ ಹಾಗೆ ದಾರಿ ಹೆಣೆದಿದೆ. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾಟಿದ್ದೇನೆ. ಎದುರು ಬರುವ ಗಾಡಿಗಳು ಇದ್ದಕ್ಕಿದ್ದಂತೆ ಆ ಕಿಟಕಿಯಿಂದ ಈ ಕಿಟಕಿಗೆ ಬಂದವು.

ಅದೇ ಸೇತುವೆಯ ನಟ್ಟನಡುವೆ ರೈಲು ಹಳಿಯೂ ಇದೆ. 2009ರಿಂದ ಅದರ ಮೇಲೆ ರೈಲು ಓಡುತ್ತಿದೆ. ರೈಲು ಬರುವ ಹೊತ್ತಿಗೆ ಗಾಡಿಗಳನ್ನೆಲ್ಲ ತಡೆದು ನಿಲ್ಲಿಸುತ್ತಾರೆ. ಅದು ನಿಧಾನಕ್ಕೆ ನದಿ ದಾಟಿ ಆಚೆ ಹೋದ ಮೇಲೆ ಮತ್ತೆ ಬಿಡುತ್ತಾರೆ.